ದಂಡಿನಲ್ಲಿ ಮೊದಲ ಮೆಟ್ಟಿಲು

ಬಿ.ಎ. ತರಗತಿಯ ವಿದ್ಯಾರ್ಥಿಯೊಬ್ಬನು ಈಚೆಗೆ ಒಂದು ಸಂಜೆ ನನ್ನ ಮನೆಗೆ ಬಂದಿದ್ದನು. ಅವನಿಗೆ ಸೈನ್ಯಕ್ಕೆ ಸೇರಬೇಕೆಂಬ ಮನಸ್ಸು. ಅವನು ಕೇಳಿದ ಪ್ರಶ್ನೆಗಳು ಎರಡೇ: “ಸಾರ್, ಸೇರುವಾಗ ಯಾವ ದರ್ಜೆಗೆ ಸೇರಿಸಿಕೊಳ್ಳುತ್ತಾರೆ? ಅಲ್ಲಿಂದ ಮೇಲಿನ ದರ್ಜೆಗೆ ಎಷ್ಟು ವರ್ಷ?” ಪಕ್ಕದಲ್ಲಿ ಕುಳಿತಿದ್ದ ನನ್ನ ಹಿರಿಯ ಮಿತ್ರರೊಬ್ಬರು ನಕ್ಕು, “ದೇಶಸೇವೆಗೆ ಹೊರಟವನು ಮೊದಲೇ ಬಡ್ತಿಯ ಲೆಕ್ಕ ಹಾಕುತ್ತಾನಲ್ಲಪ್ಪ!” ಎಂದರು. ಹುಡುಗನು ನಾಚಿ ತಲೆ ತಗ್ಗಿಸಿದನು.

ಆದರೆ ಆ ಪ್ರಶ್ನೆ ನಗತಕ್ಕದ್ದಲ್ಲವೆಂದು ನನಗೆ ತೋರಿತು. ನಮ್ಮ ದೇಶದ ಚರಿತ್ರೆಯಲ್ಲಿ ಸುಮಾರು ಒಂದೂವರೆ ಶತಮಾನದ ಕಾಲ, ಸೈನ್ಯಕ್ಕೆ ಹೊಸದಾಗಿ ಸೇರಿದವನು ಯಾವ ಮೆಟ್ಟಿಲಿನ ಮೇಲೆ ಮೊದಲು ಕಾಲಿಟ್ಟನೆಂಬುದು ಅವನು ಸಾಯುವತನಕ ಎಷ್ಟು ಎತ್ತರಕ್ಕೆ ಏರಬಲ್ಲನೆಂಬುದನ್ನು ನಿರ್ಣಯಿಸಿಬಿಡುತ್ತಿತ್ತು. ಅವನ ಶೌರ್ಯ, ಬುದ್ಧಿ, ಸ್ವಾಮಿನಿಷ್ಠೆ ಇವು ಆ ನಿರ್ಣಯವನ್ನು ಬದಲಾಯಿಸಲಾರವಾಗಿದ್ದವು. ಈ ಸಂಗತಿಯನ್ನೇ ಈ ದಿನ ಕೇಳುಗರ ಮುಂದೆ ಸ್ವಲ್ಪ ವಿವರಿಸಬೇಕೆಂದಿದ್ದೇನೆ.

ಮೊದಲು ನಮ್ಮ ನಾಡಿನ ಉದಾಹರಣೆಯನ್ನೇ ನೋಡೋಣ. 1749ರಲ್ಲಿ ಮೈಸೂರಿನ ಸೈನ್ಯವು ದೇವನಹಳ್ಳಿಯ ಕೋಟೆಗೆ ಮುತ್ತಿಗೆ ಹಾಕಿತು. ಆ ಸೈನ್ಯದಲ್ಲಿ ಶಹಬಾಜನೆಂಬ ಸರದಾರನಿದ್ದನು. ಅವನ ತುಕಡಿಯಲ್ಲಿ ಅವನ ತಮ್ಮನೂ ಇದ್ದನು. ಆ ತಮ್ಮನಿಗೆ ಓದುಬರಹ ಬಾರದು. ಮುತ್ತಿಗೆಯಲ್ಲಿ ಅವನು ತೋರಿದ ಎದೆಗಾರಿಕೆಯು ಸೇನೆಯನ್ನು ನಡೆಸುತ್ತಿದ್ದ ನಂಜರಾಜನ ಕಣ್ಣಿಗೆ ಬಿತ್ತು. ಒಂದು ಸಣ್ಣ ತುಕಡಿಯ ಅಧಿಕಾರ ಕೈಗೆ ಬಂದಿತು. 1755ರಲ್ಲಿ ಅವನು ದಿಂಡಿಗಲ್ಲಿನ ಫೌಜುದಾರ. 1761ರಲ್ಲಿ ಇಡೀ ರಾಜ್ಯದ ಸೂತ್ರವೇ ಅವನ ಕೈಯಲ್ಲಿ. ಹೈದರಾಲಿಯು ಹನ್ನೆರಡು ವರ್ಷಗಳಲ್ಲಿ ಏರಿದ ಈ ಏಣಿಗೆ ಗೊತ್ತಾದ ಮೆಟ್ಟಿಲುಗಳಿರಲಿಲ್ಲ, ವರ್ಷಗಳ ಲೆಕ್ಕವಿರಲಿಲ್ಲ. ಮೇಲೆ ತಡೆಯೂ ಇರಲಿಲ್ಲ. ಅದರ ಗುಣವೂ ಅದೇ, ದೋಷವೂ ಅದೇ. ಸಮರ್ಥನು ಬೇಗ ಮೇಲೆ ಬಂದನು. ಆದರೆ ಅವನನ್ನು ಮೇಲೆ ತಂದವರಿಗೆ ಅವನನ್ನು ನಿಲ್ಲಿಸಲು ಶಕ್ತಿಯಿರಲಿಲ್ಲ.

ಅದೇ ಕಾಲದಲ್ಲಿ ಮದರಾಸಿನ ಆಂಗ್ಲೇಯ ಕಂಪೆನಿಯವರ ಸೈನ್ಯದಲ್ಲಿಯೂ ಇಂಥವನೇ ಒಬ್ಬನಿದ್ದನು. ಅವನು ಯೂಸುಫ್ ಖಾನ್. 1758–59ರಲ್ಲಿ ಫ್ರೆಂಚರು ಮದರಾಸನ್ನು ಮುತ್ತಿದಾಗ, ಹೊರಗಿನಿಂದ ಅವರನ್ನು ಎಡೆಬಿಡದೆ ಕಾಡಿ ಕಂಪೆನಿಯವರಿಗೆ ಮಹೋಪಕಾರ ಮಾಡಿದನು. ಕಂಪೆನಿಯವರು ಅವನನ್ನು ತಮ್ಮ ಸಿಪಾಯಿಗಳೆಲ್ಲರ ಕಮಾಂಡೆಂಟನನ್ನಾಗಿ ಮಾಡಿದ್ದರು. ಮಧುರೆ, ತಿರುನೆಲ್ವೇಲಿ ಸೀಮೆಗಳ ಆಡಳಿತವನ್ನೂ ವಹಿಸಿದ್ದರು. ಕೊನೆಗೆ ಅವನು ಆರ್ಕಾಟಿನ ನವಾಬನಿಗೂ ಕಂಪೆನಿಗೂ ತಿರುಗಿಬಿದ್ದು ಮಧುರೆಯ ಕೋಟೆಯಲ್ಲಿ ನಿಂತು ಕಾದಿದನು. 1764ರ ಅಕ್ಟೋಬರಿನಲ್ಲಿ ಅವನನ್ನು ಗಲ್ಲಿಗೇರಿಸಿದರು. ಆಮೇಲಿನ ಬದಲಾವಣೆಗಳಿಗೆಲ್ಲ ಈ ಪ್ರಸಂಗವೊಂದೇ ಕಾರಣವೆನ್ನಲಾಗದು. ಆದರೆ ದೇಶೀಯನಾದ ಸೇನಾನಿಯನ್ನು ಎತ್ತರಕ್ಕೆ ಏರಿಸುವುದು ಅಪಾಯವೆಂಬ ಭಾವನೆ ಕಂಪೆನಿಯವರಲ್ಲಿ ಬಲವಾಗುತ್ತಲೇ ಹೋಯಿತು. ದೇಶೀಯ ಕಮಾಂಡೆಂಟನೆಂಬ ಪದವಿ ಮರೆಯಾಯಿತು. 1796ರ ಪುನಾರಚನೆಯಲ್ಲಿ ಪಟಾಲಮಿನ ಆಂಗ್ಲ ಅಧಿಕಾರಿಗಳ ಸಂಖ್ಯೆಯನ್ನು ಹೆಚ್ಚಿಸಿದರು. ಅದುವರೆಗೆ ತನ್ನ ಕಂಪೆನಿಯನ್ನು ತಾನೇ ನಡೆಸುತ್ತಿದ್ದ ಸುಬೇದಾರನ ತಲೆಯ ಮೇಲೆ ಎಳೆಯ ಆಂಗ್ಲ ಅಧಿಕಾರಿಯೊಬ್ಬನು ಬಂದು ಕುಳಿತನು.

ಅಲ್ಲಿಂದ ಮುಂದೆ ಒಂದೇ ಸೈನ್ಯದಲ್ಲಿ ಎರಡು ಏಣಿಗಳಾದವು. ಸಿಪಾಯಿಯ ಏಣಿಯಲ್ಲಿ ಸಿಪಾಯಿ, ನಾಯಕ, ಹವಲ್ದಾರ, ಜಮಾದಾರ, ಸುಬೇದಾರ ಎಂಬ ಮೆಟ್ಟಿಲುಗಳು. ಹತ್ತೊಂಬತ್ತನೆಯ ಶತಮಾನದಲ್ಲಿ ತುದಿಗೆ ಸುಬೇದಾರ್ ಮೇಜರ್ ಎಂಬ ಇನ್ನೊಂದು. ಇದರ ಕೊನೆ ಎಲ್ಲಿಯೋ ಅದಕ್ಕೂ ಮೇಲೆ ಎರಡನೆಯ ಏಣಿ ಪ್ರಾರಂಭವಾಗುತ್ತಿತ್ತು. ವಿಲಾಯತಿಯಿಂದ ಹಡಗಿಳಿದು ಬಂದ ಹದಿನಾರು ಹದಿನೇಳು ವಯಸ್ಸಿನ ಎನ್ಸೈನನು, ನಲವತ್ತು ವರ್ಷ ಸೇವೆ ಮಾಡಿದ ನರೆಗಡ್ಡದ ಸುಬೇದಾರನಿಗಿಂತ ಮೇಲಿನವನು. ಸುಬೇದಾರನೇ ಅವನಿಗೆ ಸಲಾಮು ಹೊಡೆಯತಕ್ಕದ್ದು.

ಸಿಪಾಯಿಯ ಏಣಿಯನ್ನು ಹತ್ತುವ ರೀತಿ ಹೇಗಿತ್ತು? ಬಂಗಾಳದ ಸೈನ್ಯದಲ್ಲಿ ಸೇವಾಜ್ಯೇಷ್ಠತೆಯೇ ನಿಯಮ. ಮೇಲಿನವನು ಸತ್ತರೆ ಅಥವಾ ಪಿಂಚಣಿ ಪಡೆದು ಹೋದರೆ ಕೆಳಗಿನವನು ಒಂದು ಮೆಟ್ಟಿಲು ಏರುವನು. ಸಿಪಾಯಿಯ ಸಂಬಳ ತಿಂಗಳಿಗೆ 7 ರೂಪಾಯಿ. ಸುಬೇದಾರನದು ಸುಮಾರು 67 ರೂಪಾಯಿ. ಇವೆರಡರ ನಡುವೆ ಒಬ್ಬನ ಜೀವಮಾನವೇ ಹರಡಿಕೊಂಡಿತ್ತು. ಸೀತಾರಾಮನೆಂಬ ಸುಬೇದಾರನದೆಂದು ಹೇಳಲಾದ ಒಂದು ಆತ್ಮಕಥೆ 1873ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಯಿತು. ಅದು ನಿಜವಾಗಿ ಅವನದೇ ಹೌದೆ ಎಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಚರ್ಚೆಯುಂಟು. ಹೇಗೇ ಇರಲಿ, ಅದರಲ್ಲಿ ಬರುವ ಲೆಕ್ಕ ಆ ಕಾಲಕ್ಕೆ ಒಪ್ಪತಕ್ಕದ್ದೇ: 1812ರಲ್ಲಿ ಸಿಪಾಯಿಯಾಗಿ ಸೇರಿದವನು ಸುಬೇದಾರನಾಗಿ ಸೇವೆಯನ್ನು ಮುಗಿಸುವ ಹೊತ್ತಿಗೆ 48 ವರ್ಷಗಳು ಕಳೆದಿದ್ದವು.

ಜ್ಯೇಷ್ಠತೆಯ ನಿಯಮವನ್ನು ಸಂಪೂರ್ಣವಾಗಿ ಹಳಿಯುವುದೂ ನ್ಯಾಯವಲ್ಲ. ಸಿಪಾಯಿಗೆ ಅದು ಒಂದು ಆಸರೆಯಾಗಿತ್ತು. ಸಾಹೇಬರಿಗೆ ಇಷ್ಟನಾದವನು ತನ್ನನ್ನು ದಾಟಿ ಮುಂದೆ ಹೋಗಲಾರನೆಂಬ ಭರವಸೆ ಅದರಲ್ಲಿತ್ತು. ಮದರಾಸು, ಮುಂಬಯಿ ಸೈನ್ಯಗಳಲ್ಲಿ ಯೋಗ್ಯತೆಗೆ ಹೆಚ್ಚು ಬೆಲೆಯಿತ್ತು. ಮುಂಬಯಿ ಸೈನ್ಯದ ಜಾನ್ ಜೇಕಬನು ಬಂಗಾಳದ ಪದ್ಧತಿಯನ್ನು ಕಟುವಾಗಿ ಖಂಡಿಸಿದನು. ಆದರೆ ಜ್ಯೇಷ್ಠತೆಯಾಗಲಿ, ಯೋಗ್ಯತೆಯಾಗಲಿ, ಮೂರು ಸೈನ್ಯಗಳಲ್ಲಿಯೂ ತುದಿಮೆಟ್ಟಿಲು ಒಂದೇ. ನಡಿಗೆಯ ವೇಗದಲ್ಲಿ ವ್ಯತ್ಯಾಸವಿತ್ತೇ ಹೊರತು ದಾರಿಯ ಕೊನೆಯಲ್ಲಿ ವ್ಯತ್ಯಾಸವಿರಲಿಲ್ಲ.

ಹಾಗಾದರೆ ಆಂಗ್ಲರು ತಮ್ಮವರಿಗೆ ಮಾಡಿಕೊಂಡಿದ್ದ ಏರ್ಪಾಡೇನು? ಕಂಪೆನಿಯ ಸೈನ್ಯದ ಆಂಗ್ಲ ಅಧಿಕಾರಿಗೆ ಡೈರೆಕ್ಟರುಗಳ ಶಿಫಾರಸು ಬೇಕಾಗಿತ್ತು. ಆಮೇಲೆ ಅವನಿಗೂ ಜ್ಯೇಷ್ಠತೆಯೇ ಗತಿ. ಇಂಗ್ಲೆಂಡಿನ ದೊರೆಯ ಸೈನ್ಯದಲ್ಲಿಯಾದರೋ ದರ್ಜೆಗಳನ್ನು ಹಣ ಕೊಟ್ಟು ಕೊಳ್ಳುತ್ತಿದ್ದರು! ಕಾಲಾಳು ಪಟಾಲಮಿನಲ್ಲಿ ಎನ್ಸೈನನ ಪದವಿಗೆ 450 ಪೌಂಡು, ಕ್ಯಾಪ್ಟನನದಕ್ಕೆ 1,800 ಪೌಂಡು, ಲೆಫ್ಟಿನೆಂಟ್ ಕರ್ನಲನದಕ್ಕೆ 4,500 ಪೌಂಡು ಎಂದು ಸರ್ಕಾರವೇ ಬೆಲೆ ಕಟ್ಟಿತ್ತು. ಒಳಗೊಳಗೆ ಕೊಡುತ್ತಿದ್ದುದು ಇನ್ನೂ ಹೆಚ್ಚು. ತೋಪುಖಾನೆ ಮತ್ತು ಇಂಜಿನಿಯರು ದಳಗಳಲ್ಲಿ ಮಾತ್ರ ಈ ವ್ಯಾಪಾರವಿರಲಿಲ್ಲ.

1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಗೆ ಬಂದ ಕರ್ನಲ್ ಆರ್ಥರ್ ವೆಲ್ಲೆಸ್ಲಿಯನ್ನು ಮೈಸೂರಿನವರಾದ ನಾವು ಬಲ್ಲೆವು. ಅವನು 1787ರಲ್ಲಿ ಎನ್ಸೈನನಾಗಿ ಸೇರಿ, ಮನೆತನದ ಹಣ ಮತ್ತು ಪ್ರಭಾವಗಳ ಬಲದಿಂದ 1793ರಲ್ಲಿ, ತನ್ನ ಇಪ್ಪತ್ತುನಾಲ್ಕನೆಯ ವಯಸ್ಸಿನಲ್ಲಿ, ಲೆಫ್ಟಿನೆಂಟ್ ಕರ್ನಲನಾದನು. ಅವನಿಗೆ ಆರು ವರ್ಷ, ಸೀತಾರಾಮನಿಗೆ ನಲವತ್ತೆಂಟು! ಅವನು ಮುಂದೆ ಮಹಾಸೇನಾನಿಯಾದುದೂ ನಿಜ. ಆದರೆ ಅದೇ ಬಾಗಿಲಿನಿಂದ ಒಳಗೆ ಬಂದವರೆಲ್ಲ ವೆಲಿಂಗ್ಟನ್ನರಾಗಲಿಲ್ಲ. ಕ್ರೈಮಿಯದ ಯುದ್ಧದಲ್ಲಿ ಈ ಪದ್ಧತಿಯ ಹುಳುಕು ಜನರಿಗೆ ಕಂಡಿತು. 1871ರಲ್ಲಿ ಗ್ಲ್ಯಾಡ್‌ಸ್ಟನ್ನನ ಸರ್ಕಾರವು ಅದನ್ನು ತೆಗೆದುಹಾಕಿತು. ಮೊದಲ ಮೆಟ್ಟಿಲನ್ನು ಮಾರುವ ದೇಶವು ಕೊನೆಗೆ ಸೋಲನ್ನೂ ಕೊಳ್ಳಬೇಕಾದೀತೆಂದು ಅವರೂ ಕಲಿಯಬೇಕಾಯಿತು.

ಇನ್ನು 1857ಕ್ಕೆ ಬರೋಣ. ಆ ದಂಗೆಗೆ ಕಾರಣಗಳು ಹಲವು. ಕೊಬ್ಬು ಸವರಿದ ತೋಟದ ಮಾತು ಶಾಲೆಯ ಮಕ್ಕಳಿಗೂ ಗೊತ್ತು. ಸಿಪಾಯಿಗೆ ಮುಂದೆ ಬರುವ ದಾರಿಯಿಲ್ಲದಿರುವುದು ಒಳ್ಳೆಯದಲ್ಲವೆಂದು ಹೆನ್ರಿ ಲಾರೆನ್ಸನಂಥ ದೂರದರ್ಶಿಯು 1840ರ ದಶಕದಲ್ಲಿಯೇ ಬರೆದು ಎಚ್ಚರಿಸಿದ್ದನು, ಯಾರೂ ಕಿವಿಗೊಡಲಿಲ್ಲ. 1857ರ ಜುಲೈ ಮೊದಲಲ್ಲಿ ಬರೇಲಿಯ ಪಡೆಯನ್ನು ಕರೆದುಕೊಂಡು ದೆಹಲಿಗೆ ಬಂದವನು ಬಖ್ತ್ ಖಾನ್. ಅವನು ತೋಪುಖಾನೆಯಲ್ಲಿ ಸುಮಾರು ನಲವತ್ತು ವರ್ಷ ಸೇವೆ ಮಾಡಿದ್ದ ಸುಬೇದಾರ. ಕಂಪೆನಿಯವರು ನಲವತ್ತು ವರ್ಷಗಳಲ್ಲಿ ಕೊಡದ ಬಡ್ತಿಯನ್ನು ಮುದುಕ ಬಾದಶಹನು ಒಂದೇ ದಿನದಲ್ಲಿ ಕೊಟ್ಟನು: ಬಖ್ತ್ ಖಾನನು ದಳಪತಿಯಾದನು.

ಆದರೆ ಆ ಬಡ್ತಿ ಬಂದ ಹೊತ್ತು ಮೀರಿತ್ತು. ಸುಬೇದಾರನಾಗಿಯೇ ಮುದುಕನಾದವನಿಗೆ ಹಲವು ಪಟಾಲಮುಗಳನ್ನು ಒಂದುಗೂಡಿಸಿ ನಡೆಸುವ ಅಭ್ಯಾಸವೆಲ್ಲಿಂದ ಬರಬೇಕು? ರಾಜಕುಮಾರರು ಅವನಿಗೆ ಸಹಕರಿಸಲಿಲ್ಲ. ಬೇರೆ ಬೇರೆ ಪಟಾಲಮುಗಳು ಅವನ ಅಪ್ಪಣೆಯನ್ನು ಪೂರ್ತಿಯಾಗಿ ನಡೆಸಲಿಲ್ಲ. ಸೆಪ್ಟೆಂಬರಿನಲ್ಲಿ ದೆಹಲಿ ಬಿದ್ದಿತು. ಆಂಗ್ಲರು ದೇಶೀಯರಿಗೆ ಮೇಲಿನ ದರ್ಜೆಯನ್ನಷ್ಟೇ ಅಲ್ಲ, ಆ ದರ್ಜೆ ಕಲಿಸುವ ವಿದ್ಯೆಯನ್ನೂ ಇಲ್ಲವಾಗಿಸಿದ್ದರು. ಸಂಬಳದ ಅನ್ಯಾಯಕ್ಕಿಂತ ಇದು ದೊಡ್ಡ ಅನ್ಯಾಯವೆಂದು ನನ್ನ ಅಭಿಪ್ರಾಯ.

1858ರ ರಾಣಿಯ ಘೋಷಣೆಯು ಜಾತಿಮತಗಳ ಭೇದವಿಲ್ಲದೆ ಯೋಗ್ಯರಿಗೆ ಉದ್ಯೋಗ ಕೊಡುವೆವೆಂದು ಸಾರಿತು. ಸೈನ್ಯದಲ್ಲಿ ಮಾತ್ರ ಎರಡು ಏಣಿಗಳು ಎರಡಾಗಿಯೇ ಉಳಿದವು. 1914ರ ಅಕ್ಟೋಬರಿನಲ್ಲಿ ಬೆಲ್ಜಿಯಮಿನ ರಣರಂಗದಲ್ಲಿ ಖುದಾದಾದ್ ಖಾನನೆಂಬ ಸಿಪಾಯಿಯು ತನ್ನ ಜತೆಯವರೆಲ್ಲ ಬಿದ್ದಮೇಲೂ ಬಂದೂಕು ಬಿಡದೆ ಕಾದಿ ವಿಕ್ಟೋರಿಯಾ ಕ್ರಾಸನ್ನು ಪಡೆದನು; ಆ ಪದಕವನ್ನು ಪಡೆದ ಮೊದಲನೆಯ ಭಾರತೀಯ ಸಿಪಾಯಿ ಅವನೇ. ಸಾಮ್ರಾಜ್ಯದ ಅತ್ಯುನ್ನತ ಶೌರ್ಯಪದಕವು ಅವನ ಎದೆಯ ಮೇಲೆ ಬಂದಿತು. ಹೆಗಲಿನ ಮೇಲೆ ಸೆಕೆಂಡ್ ಲೆಫ್ಟಿನೆಂಟನ ನಕ್ಷತ್ರ ಬರಲಿಲ್ಲ. ಅವನು ಸುಬೇದಾರನಾಗಿಯೇ ನಿವೃತ್ತನಾದನು.

ದೇಶೀಯರಿಗೆ ದಂಡು ನಡೆಸುವ ಶಕ್ತಿಯಿಲ್ಲವೆಂಬ ವಾದವನ್ನು ಆಗ ಕೆಲವರು ಮಾಡುತ್ತಿದ್ದರು. ಸಂಸ್ಥಾನಗಳ ಸೈನ್ಯಗಳೇ ಅದಕ್ಕೆ ಉತ್ತರ. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಹಿಡಿದ ಜೋಧಪುರ, ಮೈಸೂರು ಲ್ಯಾನ್ಸರುಗಳಲ್ಲಿ ಸ್ಕ್ವಾಡ್ರನುಗಳನ್ನು ನಡೆಸಿದವರು ನಮ್ಮವರು. ಮಷೀನ್ ಗನ್ನುಗಳ ಎದುರಿಗೆ ಈಟಿ ಹಿಡಿದು ಕುದುರೆ ಬಿಟ್ಟವರಿಗೆ ನಾಯಕತ್ವದ ಪಾಠ ಬೇಕಾಗಿರಲಿಲ್ಲ.

ಕೊನೆಗೆ ಬಾಗಿಲು ಸ್ವಲ್ಪ ತೆರೆಯಿತು. 1917ರ ಆಗಸ್ಟಿನಲ್ಲಿ ಒಂಬತ್ತು ಮಂದಿ ಭಾರತೀಯರಿಗೆ ಚಕ್ರವರ್ತಿಯ ಕಮಿಷನ್ ದೊರೆಯಿತು. ಮರುವರ್ಷ ಸ್ಯಾಂಡ್‌ಹರ್ಸ್ಟಿನಲ್ಲಿ ವರ್ಷಕ್ಕೆ ಹತ್ತು ಸ್ಥಾನಗಳು. ಇಂದೂರಿನಲ್ಲಿ ತರಬೇತು ಪಡೆದು 1919ರಲ್ಲಿ ಅಧಿಕಾರಿಯಾದವರಲ್ಲಿ ಕೊಡಗಿನ ತರುಣರೊಬ್ಬರಿದ್ದರು: ಶ್ರೀ ಕೆ. ಎಂ. ಕಾರಿಯಪ್ಪನವರು. ಆದರೂ ಸಂಶಯ ತೀರಲಿಲ್ಲ. 1923ರಲ್ಲಿ ಭಾರತೀಯ ಅಧಿಕಾರಿಗಳನ್ನು ಎಂಟೇ ಪಟಾಲಮುಗಳಿಗೆ ಸೀಮಿತಗೊಳಿಸುವ ಯೋಜನೆ ಬಂದಿತು. ಆಂಗ್ಲ ಅಧಿಕಾರಿಯು ಭಾರತೀಯನ ಕೈಕೆಳಗೆ ಕೆಲಸ ಮಾಡುವ ಪ್ರಸಂಗ ಬರಬಾರದೆಂಬುದೇ ಅದರ ಒಳಗುಟ್ಟು. 1932ರಲ್ಲಿ ಡೆಹರಾಡೂನಿನ ಅಕಾಡೆಮಿ ಪ್ರಾರಂಭವಾದಾಗ ಮೊದಲ ತಂಡದಲ್ಲಿ 40 ಮಂದಿ. ಹದಿನೈದು ಮಂದಿ ಸ್ಪರ್ಧಾಪರೀಕ್ಷೆಯಿಂದ, ಹತ್ತು ಮಂದಿ ಸಂಸ್ಥಾನಗಳಿಂದ, ಉಳಿದ ಹದಿನೈದು ಮಂದಿ ಸೈನ್ಯದ ಕೆಳಗಿನ ದರ್ಜೆಗಳಿಂದ ಬಂದವರು. ಈ ಕೊನೆಯ ಹದಿನೈದು ಮಂದಿಯನ್ನು ನಾವು ಮರೆಯಬಾರದು. ಎರಡು ಏಣಿಗಳಿಗೂ ಸೇತುವೆ ಬಿದ್ದುದು ಅವರಿಂದ. ಆದರೆ ಅಲ್ಲಿಂದ ಹೊರಟ ಅಧಿಕಾರಿಗೂ ಸಂಬಳ ಕಡಿಮೆ. ಹಿಂದೆ ಜಮಾದಾರನು ನಡೆಸುತ್ತಿದ್ದ ಚಿಕ್ಕ ತುಕಡಿಯೇ ಮೊದಲಲ್ಲಿ ಅವನ ಪಾಲು.

ಎರಡನೆಯ ಮಹಾಯುದ್ಧವು ಈ ಜಿಪುಣತನವನ್ನು ಮುರಿಯಿತು. 1939ರಲ್ಲಿ ಸುಮಾರು 400 ಇದ್ದ ಭಾರತೀಯ ಅಧಿಕಾರಿಗಳು ಯುದ್ಧ ಮುಗಿಯುವ ಹೊತ್ತಿಗೆ 8,000ವನ್ನು ಮುಟ್ಟಿದ್ದರು. ಕಾರಿಯಪ್ಪನವರು 1942ರಲ್ಲಿ ಬೆಟಾಲಿಯನ್ನಿನ ಅಧಿಪತ್ಯವನ್ನು ವಹಿಸಿದರು. ಮಡಿಕೇರಿಯ ತಿಮ್ಮಯ್ಯನವರು ಅರಕಾನಿನ ಕಾಳಗದಲ್ಲಿ ಬ್ರಿಗೇಡನ್ನು ನಡೆಸಿದರು. 1949ರ ಜನವರಿ 15ರಂದು ಸೇನೆಯ ಮಹಾದಂಡನಾಯಕತ್ವವು ಆಂಗ್ಲರ ಕೈಯಿಂದ ಕಾರಿಯಪ್ಪನವರ ಕೈಗೆ ಬಂದಿತು. ಯೂಸುಫ್ ಖಾನನು ಕಮಾಂಡೆಂಟನಾಗಿದ್ದ ಕಾಲಕ್ಕೂ ಆ ದಿನಕ್ಕೂ ನಡುವೆ ಹತ್ತಿರ ಹತ್ತಿರ ಎರಡು ಶತಮಾನಗಳು.

ಈಗ ಜಮಾದಾರನ ಹೆಸರು ನಾಯಬ್ ಸುಬೇದಾರನೆಂದಾಗಿದೆ. ಸಿಪಾಯಿಯಾಗಿ ಸೇರಿದವನು ಸೈನ್ಯದಲ್ಲಿದ್ದುಕೊಂಡೇ ಓದಿ ಅಧಿಕಾರಿಯಾಗಲು ಡೆಹರಾಡೂನಿನ ಅಕಾಡೆಮಿಯಲ್ಲಿ ಪ್ರತ್ಯೇಕ ವಿಭಾಗವೇ ಇದೆ. ಆ ಸಂಜೆ ನನ್ನ ವಿದ್ಯಾರ್ಥಿಗೆ ನಾನು ಹೇಳಿದ ಮಾತು ಇಷ್ಟೇ: “ನಾಚಬೇಡಪ್ಪ. ನೀನು ಕೇಳಿದ ಪ್ರಶ್ನೆಯನ್ನು ಕೇಳುವ ಹಕ್ಕೇ ನಿನ್ನ ಹಿಂದಿನವರಿಗೆ ಇರಲಿಲ್ಲ. ಮೊದಲ ಮೆಟ್ಟಿಲು ತಗ್ಗಿನಲ್ಲಿದ್ದರೆ ಅವಮಾನವೇನೂ ಇಲ್ಲ. ಅಲ್ಲಿಂದ ಏಣಿ ಎಲ್ಲಿಯವರೆಗೆ ಹೋಗುತ್ತದೆಂಬುದನ್ನು ವಿಚಾರಿಸಿಕೊ. ಮುಂದೆ ನೀನು ಮೇಲೆ ಹೋದರೆ, ಕೆಳಗಿನಿಂದ ಬರುವವನಿಗೆ ಅದು ಮುಚ್ಚದ ಹಾಗೆ ನೋಡಿಕೊ.”

ನಕ್ಕಿದ್ದ ನನ್ನ ಮಿತ್ರರು ಆಮೇಲೆ ಏನೂ ಹೇಳಲಿಲ್ಲ. ಹುಡುಗನು ಅರ್ಜಿಯ ನಮೂನೆಯನ್ನು ಜೇಬಿನಿಂದ ತೆಗೆದು, ಯಾವ ಕಡೆ ರುಜು ಹಾಕಬೇಕೆಂದು ಅವರನ್ನೇ ಕೇಳಿದನು.