ಸಂಧಿಪತ್ರದಲ್ಲೊಂದು ತಲೆಬುರುಡೆ

೧೯೧೯ನೆಯ ಇಸವಿ ಜೂನ್ ೨೮ರಂದು ವರ್ಸೇಲ್ಸ್ ಅರಮನೆಯಲ್ಲಿ ಜರ್ಮನಿಯು ರುಜು ಹಾಕಿದ ಸಂಧಿಪತ್ರದಲ್ಲಿ ೪೪೦ ಕಲಮುಗಳಿವೆ. ಗಡಿ, ಹಡಗು, ಕಲ್ಲಿದ್ದಲು, ಯುದ್ಧದಂಡ ಇವುಗಳನ್ನೆಲ್ಲ ದಾಟಿ ೨೪೬ನೆಯ ಕಲಮಿಗೆ ಬಂದವರಿಗೆ ತಾವು ಓದುತ್ತಿರುವುದು ರಾಜಕೀಯ ದಸ್ತಾವೇಜೋ ಪುರಾಣವೋ ಎಂಬ ಸಂದೇಹವು ಬಾರದಿರದು. ಖಲೀಫ ಉಸ್ಮಾನನ ಕಾಲದ್ದೆನ್ನಲಾದ ಕುರಾನಿನ ಪ್ರತಿಯನ್ನು ಹೆಜಾಜಿನ ದೊರೆಗೆ ಹಿಂದಿರುಗಿಸತಕ್ಕದ್ದೆಂದು ವಿಧಿಸಿ, ಅದರ ಬೆನ್ನಿಗೇ, ಪೂರ್ವ ಆಫ್ರಿಕದಿಂದ ಒಯ್ದ ಸುಲ್ತಾನ ಮ್ಕ್ವಾವನ ತಲೆಬುರುಡೆಯನ್ನು ಆರು ತಿಂಗಳೊಳಗಾಗಿ ಬ್ರಿಟಿಷ್ ಸರಕಾರಕ್ಕೆ ಒಪ್ಪಿಸತಕ್ಕದ್ದೆಂದು ಅಲ್ಲಿ ಬರೆದಿದೆ.

ಈ ಮ್ಕ್ವಾವನು ಈಗಿನ ಟಾಂಜಾನಿಯ ದೇಶದ ದಕ್ಷಿಣದ ಎತ್ತರನಾಡಿನಲ್ಲಿ ಹೆಹೆ ಜನರ ಅರಸಾಗಿದ್ದನು. ೧೮೯೧ನೆಯ ಆಗಸ್ಟಿನಲ್ಲಿ ಲುಗಾಲೋ ಎಂಬಲ್ಲಿ ಇವನ ಜನರು ಹೊಂಚಿದ್ದು, ಬಹುಮಟ್ಟಿಗೆ ಈಟಿಗಳಿಂದಲೇ ಜರ್ಮನ್ ದಂಡನ್ನು ಮುರಿದರು. ದಳಪತಿ ಜೆಲೆವ್ಸ್ಕಿಯು ಅಲ್ಲಿಯೇ ಮಡಿದನು. ಈ ಅವಮಾನವನ್ನು ಜರ್ಮನರು ಮರೆಯಲಿಲ್ಲ. ೧೮೯೪ರಲ್ಲಿ ತೋಪುಗಳನ್ನು ತಂದು ಅವನ ಕಲೆಂಗಾ ಕೋಟೆಯನ್ನು ಕೆಡವಿದರು. ಕೋಟೆ ಬಿದ್ದಿತು, ಅರಸು ಸಿಕ್ಕಲಿಲ್ಲ. ಸುಮಾರು ನಾಲ್ಕು ವರ್ಷ ಅವನು ಕಾಡುಮೇಡುಗಳಲ್ಲಿ ತಿರುಗುತ್ತ ಹೋರಾಡಿದನು. ಕಡೆಗೆ ಅವನ ತಲೆಗೆ ೫,೦೦೦ ರೂಪಾಯಿಗಳ ಇನಾಮು ಸಾರಲ್ಪಟ್ಟಿತು. ರೂಪಾಯಿ ಎಂದುದು ಕೈತಪ್ಪಲ್ಲ. ನಮ್ಮ ದೇಶದ ವರ್ತಕರಿಂದ ಆ ತೀರದಲ್ಲೆಲ್ಲ ರೂಪಾಯಿಯೇ ಬಳಕೆಯಲ್ಲಿದ್ದುದರಿಂದ, ಜರ್ಮನರೂ ತಮ್ಮ ಕೈಸರನ ಮುಖಮುದ್ರೆಯನ್ನೊತ್ತಿ ಅದನ್ನೇ ನಡೆಸುತ್ತಿದ್ದರು.

೧೮೯೮ನೆಯ ಜುಲೈ ೧೯ರಂದು, ಬೆನ್ನಟ್ಟಿದವರು ಸಮೀಪಿಸಿದಾಗ, ಮ್ಕ್ವಾವನು ಸೆರೆಯಾಗಲೊಲ್ಲದೆ ಗುಂಡು ಹೊಡೆದುಕೊಂಡು ಪ್ರಾಣಬಿಟ್ಟನು. ಮೆರ್ಕಲ್ ಎಂಬ ಜರ್ಮನ್ ಸಾರ್ಜೆಂಟನು ಹೆಣದ ತಲೆಯನ್ನು ಕಡಿಸಿ ಇರಿಂಗಾದ ಠಾಣೆಗೆ ಒಯ್ದನು. ಮುಂಡವು ಹಿಂದುಳಿಯಿತು.

ಇನ್ನು ಆ ಕಲಮಿನ ವಿಚಾರ. ಮಹಾಯುದ್ಧದ ತರುವಾಯ ಆ ಸೀಮೆಯ ಆಡಳಿತವನ್ನು ವಹಿಸಿಕೊಂಡಿದ್ದ ಹೊರೇಸ್ ಬೈಯಟನೆಂಬ ಬ್ರಿಟಿಷ್ ಅಧಿಕಾರಿಯೇ ಈ ಸೂಚನೆಯನ್ನು ಮಾಡಿದವನು. ಯುದ್ಧದಲ್ಲಿ ಹೆಹೆ ಜನರು ತಮಗೆ ನೆರವಾದರು. ಅವರ ಅರಸನ ತಲೆಯನ್ನು ಮರಳಿಸಿದರೆ ಜರ್ಮನರ ಬಲವು ಮುರಿಯಿತೆಂಬುದಕ್ಕೆ ಕಣ್ಣಾರೆ ಕಾಣುವ ಸಾಕ್ಷಿಯಾದೀತೆಂಬುದು ಅವನ ಆಲೋಚನೆ. ಒಬ್ಬರು ವಿಜಯದ ಗುರುತಾಗಿ ಒಯ್ದುದನ್ನು ಇನ್ನೊಬ್ಬರು ತಮ್ಮ ವಿಜಯದ ಗುರುತಾಗಿ ತರಿಸಹೊರಟರು. ಕೇವಲ ಕರುಣೆಯಿಂದ ಬರೆದ ಕಲಮು ಇದಲ್ಲ.

ಜರ್ಮನಿಯಾದರೋ ಅಂತಹ ಬುರುಡೆಯು ತನ್ನಲ್ಲಿಲ್ಲವೆಂದಿತು. ಆರು ತಿಂಗಳ ಗಡುವು ಮೂವತ್ತು ವರ್ಷಕ್ಕೆ ಬೆಳೆಯಿತು. ೧೯೫೩ರಲ್ಲಿ ಟಾಂಗನಿಕದ ಗವರ್ನರ್ ಎಡ್ವರ್ಡ್ ಟ್ವೈನಿಂಗನು ತಾನೇ ಬ್ರೆಮೆನ್ ನಗರದ ವಸ್ತುಸಂಗ್ರಹಾಲಯಕ್ಕೆ ಹೋದನು. ಅಲ್ಲಿ ಸುಮಾರು ೨,೦೦೦ ಬುರುಡೆಗಳಿದ್ದವು. ಪೂರ್ವ ಆಫ್ರಿಕದವು ೮೪. ಆ ಕಾಲದ ಜನಾಂಗಶಾಸ್ತ್ರಿಗಳಿಗೆ ಬೇಕಾಗಿದ್ದುದು ತಲೆಯ ಅಳತೆ, ಹೆಸರಲ್ಲ. ಆದುದರಿಂದ ಹುಡುಕುವವನೂ ಅಳತೆಯನ್ನೇ ಆಶ್ರಯಿಸಬೇಕಾಯಿತು. ಮ್ಕ್ವಾವನ ಬಂಧುಗಳ ತಲೆಗಳ ಉದ್ದಗಲಗಳ ಪ್ರಮಾಣವನ್ನು ಹಿಡಿದು, ಅದಕ್ಕೆ ಹೊಂದುವ, ಗುಂಡಿನ ತೂತೂ ಉಳ್ಳ ಒಂದನ್ನು ಆರಿಸಿದರು. ೧೯೫೪ನೆಯ ಜೂನ್ ೧೯ರಂದು ಕಲೆಂಗಾದಲ್ಲಿ ಅದು ಮ್ಕ್ವಾವನ ಮೊಮ್ಮಗನಾದ ಆಡಂ ಸಾಪಿಯ ಕೈಸೇರಿತು.

ಅದು ಮ್ಕ್ವಾವನದೇ ಹೌದೆ? ವಿದ್ವಾಂಸರಲ್ಲಿ ಸಂದೇಹವುಂಟು, ನನಗೂ ಉಂಟು. ಅಣ್ಣತಮ್ಮಂದಿರ ತಲೆಗಳೇ ಒಂದರಂತೊಂದಿರುವುದಿಲ್ಲ. ಗುಂಡು ತಗುಲಿದ ತಲೆಗಳಿಗೆ ಆ ಕಾಲದ ಆಫ್ರಿಕದಲ್ಲಿ ಬರವಿರಲಿಲ್ಲ. ಆದರೂ ಹೆಹೆ ಜನರು ಅದನ್ನು ಬರಮಾಡಿಕೊಂಡು ಗೌರವದಿಂದ ಇರಿಸಿದರು. ಐವತ್ತಾರು ವರ್ಷ ಕಾದ ಮನೆಯವರ ಮುಂದೆ ಅಳತೆಗೋಲನ್ನು ಹಿಡಿದು ವಾದಿಸುವ ಧೈರ್ಯ ನನಗಿಲ್ಲ. ನನ್ನನ್ನು ಹೆಚ್ಚು ಕಾಡುವುದು ಉಳಿದ ೮೩. ಅವುಗಳ ಪರವಾಗಿ ಯಾವ ಸಂಧಿಪತ್ರದಲ್ಲೂ ಕಲಮಿರಲಿಲ್ಲ.

೨೦೨೩ರಲ್ಲಿ ಬರ್ಲಿನ್ನಿನ ಸಂಗ್ರಹಾಲಯದವರು ಪೂರ್ವ ಆಫ್ರಿಕದ ಸುಮಾರು ೧,೧೦೦ ಬುರುಡೆಗಳ ಮೂಲವನ್ನು ಶೋಧಿಸಿ ಫಲಿತಾಂಶವನ್ನು ಪ್ರಕಟಿಸಿದರು. ಅವುಗಳಲ್ಲಿ ಕೆಲವೇ ಕೆಲವಕ್ಕೆ, ರಕ್ತಸಂಬಂಧದ ಪರೀಕ್ಷೆಯಿಂದ, ಈಗ ಬದುಕಿರುವ ಬಂಧುಗಳು ದೊರೆತರು. ಅದೇ ವರ್ಷ ನವೆಂಬರಿನಲ್ಲಿ ಜರ್ಮನಿಯ ಅಧ್ಯಕ್ಷ ಸ್ಟೈನ್‌ಮೈಯರರು ಟಾಂಜಾನಿಯದ ಸೊಂಗೆಯಾ ಊರಿಗೆ ಹೋಗಿ ಕ್ಷಮೆ ಬೇಡಿದರು. ೧೯೦೬ರಲ್ಲಿ ಜರ್ಮನರು ಗಲ್ಲಿಗೇರಿಸಿದ ನಾಯಕ ಸೊಂಗೆಯಾ ಎಂಬಾನೋನ ವಂಶದವರು ಅಂದು ಅವರೆದುರು ಇದ್ದರು. ಅವರು ಕೇಳುತ್ತಿದ್ದುದೂ ಒಂದು ತಲೆಯನ್ನೇ.