ಮೇಜಿನ ಮೇಲೆ ಹರಡಿದ ಚೀಟಿಗಳು

ಪ್ರಬಂಧವೆಂದರೆ ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ. ನಮ್ಮ ಶಾಲೆಗಳಲ್ಲಿ ಇದು ಬೇರುಬಿಟ್ಟಿದೆ. ಹೇಳುವ ಮಾತು ಇನ್ನೂ ಹೊಳೆದಿರುವುದಿಲ್ಲ, ಆಗಲೇ ಪೀಠಿಕೆ ಬೇಕು. ಕನ್ನಡ ಮೇಷ್ಟರಾಗಿದ್ದ ನನಗೆ, ಈ ಕ್ರಮವನ್ನು ಬುಡಮೇಲು ಮಾಡಿದ ಇಟಲಿಯ ಒಂದು ಗುಡ್ಡದ ಶಾಲೆಯ ಮೇಲೆ ಎಲ್ಲಿಲ್ಲದ ಪ್ರೀತಿ.

ಫ್ಲಾರೆನ್ಸಿನ ಈಶಾನ್ಯಕ್ಕಿರುವ ಬಾರ್ಬಿಯಾನಾವನ್ನು ಊರು ಎನ್ನುವುದೂ ಕಷ್ಟ. ಒಂದು ಚರ್ಚು, ಗುಡ್ಡದ ಮೈಮೇಲೆ ಅಲ್ಲೊಂದು ಇಲ್ಲೊಂದು ರೈತರ ಮನೆ. 1954ರ ಡಿಸೆಂಬರಿನಲ್ಲಿ ಪಾದ್ರಿ ಲೊರೆಂಜೊ ಮಿಲಾನಿ ಬಂದಾಗ ಅಲ್ಲಿಗೆ ಕರೆಂಟೂ ಬಂದಿರಲಿಲ್ಲ. ಚರ್ಚಿನ ಮೇಲಿನವರು ತಮಗೆ ಬೇಡವಾದವರನ್ನು ಕಣ್ಮರೆ ಮಾಡುವ ವರ್ಗಾವಣೆ ಅದು. ಅವರು ಸರ್ಕಾರಿ ಶಾಲೆ ಕೈಬಿಟ್ಟ ಮಕ್ಕಳನ್ನು ಕೂಡಿಸಿಕೊಂಡು ಪಾಠ ಶುರುಮಾಡಿದರು. ವರ್ಷವಿಡೀ ಶಾಲೆ, ರಜೆಯ ಮಾತೇ ಇಲ್ಲ.

1963ರಲ್ಲಿ ಪಿಯಾದೆನಾ ಕಡೆಯ ಪ್ರಾಥಮಿಕ ಶಾಲೆಯ ಮೇಷ್ಟರು ಮಾರಿಯೊ ಲೋದಿ ಅಲ್ಲಿಗೆ ಹೋದರು. ಅವರ ಮಕ್ಕಳಿಗೂ ಬಾರ್ಬಿಯಾನಾದ ಮಕ್ಕಳಿಗೂ ಪತ್ರ ವ್ಯವಹಾರ ಬೆಳೆಯಿತು. ಎಲ್ಲರೂ ಸೇರಿ ಒಂದು ಪತ್ರ ಬರೆಯುವ ಪದ್ಧತಿ ರೂಪ ಪಡೆದದ್ದು ಆಗಲೇ.

ಪ್ರತಿಯೊಬ್ಬನ ಜೇಬಿನಲ್ಲೂ ಸಣ್ಣ ಪುಸ್ತಕ. ಏನಾದರೂ ಹೊಳೆದರೆ ಕೂಡಲೇ ಗುರುತು ಹಾಕಿಕೊಳ್ಳಬೇಕು. ಒಂದು ವಿಚಾರಕ್ಕೆ ಒಂದೇ ಚೀಟಿ, ಅದೂ ಒಂದೇ ಮಗ್ಗುಲಲ್ಲಿ. ಒಂದು ದಿನ ಎಲ್ಲ ಚೀಟಿಗಳನ್ನೂ ದೊಡ್ಡ ಮೇಜಿನ ಮೇಲೆ ಹರಡಿ, ಎರಡೆರಡು ಸಲ ಬಂದದ್ದನ್ನು ತೆಗೆದುಹಾಕುತ್ತಿದ್ದರು. ಒಂದಕ್ಕೊಂದು ಹೊಂದುವ ಚೀಟಿಗಳನ್ನು ಗುಡ್ಡೆ ಹಾಕಿದರೆ ಅದು ಅಧ್ಯಾಯ. ಅದರೊಳಗಿನ ಸಣ್ಣ ಗುಡ್ಡೆ ಪ್ಯಾರಾ. ಪ್ರತಿ ಪ್ಯಾರಾಕ್ಕೂ ಹೆಸರಿಡಬೇಕು. ಹೆಸರು ಸಿಗದಿದ್ದರೆ ಅದರಲ್ಲಿ ಹುರುಳಿಲ್ಲ, ಇಲ್ಲವೇ ಬೇಡದ್ದೆಲ್ಲ ತುರುಕಿದೆ ಎಂದು ಲೆಕ್ಕ. ಯಾವುದು ಮೊದಲು, ಯಾವುದು ಆಮೇಲೆ ಎಂಬ ವಾದವೆಲ್ಲ ಮುಗಿದ ನಂತರವೇ ಬರವಣಿಗೆ.

ಕರಡಿನ ಪ್ರತಿ ಎಲ್ಲರ ಕೈಗೂ ಬರುತ್ತಿತ್ತು. ಜೊತೆಗೆ ಕತ್ತರಿ, ಅಂಟು, ಬಣ್ಣದ ಪೆನ್ಸಿಲು. ಯಾವ ಪದ ತೆಗೆಯಬಹುದೆಂದು ಹುಡುಕುವುದೇ ಪೈಪೋಟಿ: ಹೆಚ್ಚಿನ ವಿಶೇಷಣ, ಕಷ್ಟದ ಮಾತು, ಉದ್ದ ವಾಕ್ಯ, ಸುಳ್ಳು. ‘ಸುಳ್ಳು’ ಈ ಪಟ್ಟಿಯಲ್ಲಿ ಸೇರಿದ್ದನ್ನು ನೋಡಿ. ನಮ್ಮಲ್ಲಿ ಕೆಂಪು ಶಾಯಿ ಬೀಳುವುದು ಕಾಗುಣಿತಕ್ಕೆ ಮಾತ್ರ. ಕೊನೆಗೆ ಹೆಚ್ಚು ಓದದ ಹೊರಗಿನವರನ್ನು ಕರೆದು ಗಟ್ಟಿಯಾಗಿ ಓದಿಸುತ್ತಿದ್ದರು. ಸ್ಪಷ್ಟತೆಗಾಗಿ ಕೊಟ್ಟ ಸಲಹೆಗೆ ಒಪ್ಪಿಗೆಯಿತ್ತು. ‘ಹುಷಾರಾಗಿ ಬರೆಯಿರಿ’ ಎಂಬ ಸಲಹೆಗೆ ಇರಲಿಲ್ಲ.

ಇದೇ ಪದ್ಧತಿಯಲ್ಲಿ ಹುಟ್ಟಿದ ಪುಸ್ತಕ, ಶಿಕ್ಷಕಿಯೊಬ್ಬರಿಗೆ ಬರೆದ ದೀರ್ಘ ಪತ್ರ, 1967ರ ಮೇ ತಿಂಗಳಲ್ಲಿ ಹೊರಬಂತು. ಶಿಕ್ಷಕ ತರಬೇತಿ ಶಾಲೆಯ ಪರೀಕ್ಷೆಯಲ್ಲಿ ನಪಾಸಾದ ಹುಡುಗರ ಸಂಕಟ ಅದರ ಬೀಜ. ಬರೆದವರು ಎಂಟು ಜನ, ಮಾತಾಡುವುದು ಮಾತ್ರ ಒಬ್ಬನೇ ‘ನಾನು’. ಆತ್ಮಕಥನ ಒಂಟಿಯಾಗಿ ಕೂತೇ ಬರಬೇಕೆಂಬ ನಂಬಿಕೆ ನನ್ನಲ್ಲಿ ಉಳಿಯದಂತೆ ಮಾಡಿದ್ದು ಈ ‘ನಾನು’. ಹಂಚಿಕೊಂಡ ಚೀಟಿಗಳಿಂದ ಬಂದರೂ ಅದರ ಸಿಟ್ಟು, ನೋವು ಎಲ್ಲವೂ ಸ್ವಂತದ್ದೇ.

ಆಗ ಮಿಲಾನಿ ಕ್ಯಾನ್ಸರಿನಿಂದ ಹಾಸಿಗೆ ಹಿಡಿದಿದ್ದರು. ಜೂನ್ 26ರಂದು ತೀರಿಕೊಂಡರು, ವಯಸ್ಸು 44. ಪುಸ್ತಕದ ಮೇಲೆ ಲೇಖಕರ ಹೆಸರಿನ ಜಾಗದಲ್ಲಿ ಅಚ್ಚಾದದ್ದು ‘ಬಾರ್ಬಿಯಾನಾ ಶಾಲೆ’ ಎಂದಷ್ಟೇ.