ಎಕ್ಸೆರಿಯನ್ ಆಟದ ಪಾಠಪರಂಪರೆ: ಶಿಡ್ಲಘಟ್ಟದ ಒಂದು ಕ್ಯಾಸೆಟ್ಟನ್ನು ಕುರಿತು

ಈ ಲೇಖನಕ್ಕೆ ಆಧಾರವಾದ ಆಕರವು ಶಿಡ್ಲಘಟ್ಟದ ನಮ್ಮ ಚಿಕ್ಕಪ್ಪನವರ ಮನೆಯ ಅಟ್ಟದಲ್ಲಿ, ರೇಷ್ಮೆಹುಳು ಗೂಡು ಕಟ್ಟುವ ಮುರಿದ ಚಂದ್ರಿಕೆಗಳ ಹಿಂದೆ, ಬಿಸ್ಕತ್ತಿನ ತಗಡಿನ ಡಬ್ಬಿಯೊಂದರೊಳಗೆ ದೊರೆತ, ಅಂಗೈಯಗಲದ ಒಂದು ಹಳದಿ ಪ್ಲಾಸ್ಟಿಕ್ ಕ್ಯಾಸೆಟ್ಟು. ಅದರ ಬುಡದಲ್ಲಿ ಒಂದೊಂದು ಬದಿಗೆ ಮೂವತ್ತರಂತೆ 60 ಲೋಹದ ಪಟ್ಟಿಗಳುಂಟು; ನೆತ್ತಿಯ ಮೇಲೆ ಬಿಸಿಲಿಗೂ ಬೆವರಿಗೂ ಬಣ್ಣಗೆಟ್ಟ ಚೀಟಿಯುಂಟು; ಚೀಟಿಯಲ್ಲಿ 9999999 ಆಟಗಳು ಒಂದರಲ್ಲಿಯೇ ಅಡಕವಾಗಿವೆಯೆಂಬ ಘೋಷಣೆಯುಂಟು. ತಿರುಪನ್ನು ಬಿಚ್ಚಿ ಒಳಗನ್ನು ನೋಡಿದರೆ, ಹೆಸರು ಕೊರೆದ ಚಿಪ್ಪುಗಳಿರಬೇಕಾದ ಎಡೆಯಲ್ಲಿ ಹಸಿರು ಫಲಕದ ಮೇಲೆ ಕರಿಯ ಅರಗಿನ ಹನಿಗಳೆರಡು ಗಟ್ಟಿಯಾಗಿ ಕುಳಿತಿವೆ. ಶಾಸನಶೋಧಕನು ಕಲ್ಲಿನ ಎತ್ತರ, ಅಗಲ, ಒಡಕುಗಳನ್ನು ಮೊದಲು ಹೇಳಿ ಆಮೇಲೆ ಪಾಠಕ್ಕೆ ಕೈಹಾಕುವನಷ್ಟೆ; ನಾನು ಈ ವಸ್ತುವನ್ನು ಅದೇ ಕ್ರಮದಲ್ಲಿ ವರ್ಣಿಸುತ್ತಿರುವುದು ವಿನೋದಕ್ಕಾಗಿ ಅಲ್ಲ. ಇದೂ ಒಂದು ಪ್ರತಿ. ಇದಕ್ಕೂ ಮೂಲವುಂಟು, ಲಿಪಿಕಾರರುಂಟು, ಪಾಠಾಂತರಗಳುಂಟು.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಈ ನಾಲ್ಕು ತಾಲ್ಲೂಕುಗಳ ಬರಹಗಳನ್ನು ಸಂಗ್ರಹಿಸುವ ಕಾರ್ಯ ಹೊಸದೇನಲ್ಲ. ಬಿ. ಎಲ್. ರೈಸ್ ಅವರ ಎಪಿಗ್ರಾಫಿಯ ಕರ್ನಾಟಿಕವೆಂಬ ಶಾಸನಸಂಗ್ರಹದ ಹತ್ತನೆಯ ಸಂಪುಟವು 1905ರಲ್ಲಿ ಹೊರಬಿದ್ದಾಗ ಇವೆಲ್ಲವೂ ಕೋಲಾರ ಜಿಲ್ಲೆಯ ಭಾಗಗಳಾಗಿ ಅದರೊಳಗೆ ಸೇರಿದ್ದುವು. 2007ರಲ್ಲಿ ಚಿಕ್ಕಬಳ್ಳಾಪುರವೇ ಪ್ರತ್ಯೇಕ ಜಿಲ್ಲೆಯಾಗುವ ತನಕವೂ ಕೋಲಾರದ ಹೆಸರಿನ ಕೆಳಗೇ ಉಳಿದುವು. ನಾನು ಹೇಳಹೊರಟಿರುವ ಕಾಲ, ಎಂದರೆ ಇಪ್ಪತ್ತನೆಯ ಶತಮಾನದ ಕೊನೆಯ ದಶಕ, ಆ ಹಳೆಯ ಜಿಲ್ಲೆಯ ಕಾಲ. ವೀರಗಲ್ಲುಗಳಿಗೆ ಅಚ್ಚೊತ್ತುವವರು ದೊರೆತರು. ಈ ಊರುಗಳ ಬಾಲಕರು ಬೇಸಗೆಯ ರಜೆಯಲ್ಲಿ ಬಾಗಿಲು ಮುಚ್ಚಿಕೊಂಡು ಆಡಿದ ಯುದ್ಧಗಳಿಗೆ ಅಂಥವರು ದೊರೆಯಲಿಲ್ಲ.

ಕ್ಯಾಸೆಟ್ಟಿನ ಆಟಗಳ ಪಟ್ಟಿಯಲ್ಲಿ ಯಾರೂ ಮೆಚ್ಚಿ ಆರಿಸದ, ಕೈತಪ್ಪಿ ತೆರೆದುಕೊಂಡಾಗ ಮಾತ್ರ ಆಡುತ್ತಿದ್ದ ಆಟವೊಂದಿದೆ, ಅದೇ ಎಕ್ಸೆರಿಯನ್. ಮೂಲಕೃತಿಯ ಕಾಲನಿರ್ಣಯಕ್ಕೆ ತೊಡಕಿಲ್ಲ. ಜಪಾನಿನಲ್ಲಿ 1974ರಲ್ಲಿ ಹುಟ್ಟಿದ ಜಲೆಕೊ ಎಂಬ ಸಂಸ್ಥೆ ಅದನ್ನು 1983ರಲ್ಲಿ, ನಾಣ್ಯ ಹಾಕಿ ಆಡುವ ದೊಡ್ಡ ಯಂತ್ರಕ್ಕಾಗಿ ರಚಿಸಿತು. ಅಮೆರಿಕದಲ್ಲಿ ಅದರ ಹಕ್ಕನ್ನು ಪಡೆದು ಹೊರತಂದವರು ಟೈಟೊ ಸಂಸ್ಥೆಯವರು. ಇದು ಯಾವ ವಂಶದ ಕುಡಿಯೆಂಬುದೂ ಸ್ಪಷ್ಟ: 1978ರ ಸ್ಪೇಸ್ ಇನ್ವೇಡರ್ಸ್, 1979ರ ಗ್ಯಾಲಾಕ್ಸಿಯನ್, 1981ರ ಗ್ಯಾಲಗ. ಮೇಲಿನಿಂದ ಸಾಲುಗಟ್ಟಿ ಶತ್ರುಗಳು ಬರುವರು, ಕೆಳಗಿನಿಂದ ಒಬ್ಬನೇ ಯೋಧನು ಗುಂಡು ಹಾರಿಸುವನು ಎಂಬ ವಂಶಲಕ್ಷಣ ಇಲ್ಲಿಯೂ ಉಂಟು. ಆದರೆ ಹಿರಿಯರೆಲ್ಲರೂ ಕಗ್ಗತ್ತಲೆಯ ಆಕಾಶವೊಂದನ್ನೇ ಹಿನ್ನೆಲೆಯಾಗಿ ಇಟ್ಟುಕೊಂಡಿದ್ದಾಗ ಎಕ್ಸೆರಿಯನ್ ಆ ಆಕಾಶದ ಕೆಳಗೆ ಒಂದು ಭೂಮಿಯನ್ನು ಹಾಸಿತು. ವಿಮಾನವು ಎಡಕ್ಕೆ ವಾಲಿದರೆ ಹತ್ತಿರದ ನೆಲ ಬೇಗನೆ, ದೂರದ ಬೆಟ್ಟ ನಿಧಾನವಾಗಿ ಬಲಕ್ಕೆ ಸರಿಯುವುದು. ಬೆಂಗಳೂರಿನಿಂದ ಬಸ್ಸಿನಲ್ಲಿ ಬರುತ್ತ ನಂದಿಬೆಟ್ಟವನ್ನು ಕಿಟಕಿಯಿಂದ ನೋಡಿದವರಿಗೆ ಈ ಚಲನೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ರಸ್ತೆಯ ಮರಗಳು ಹಿಂದಕ್ಕೋಡುತ್ತವೆ, ಬೆಟ್ಟವು ಬಹುದೂರ ನಮ್ಮೊಡನೆಯೇ ಬರುತ್ತದೆ.

ಎರಡನೆಯ ವೈಶಿಷ್ಟ್ಯ ಜಡತ್ವ. ಗುಂಡಿಯನ್ನು ಬಿಟ್ಟ ಕ್ಷಣದಲ್ಲಿಯೇ ವಿಮಾನವು ನಿಲ್ಲದು. ಕೆರೆಯಲ್ಲಿ ಹುಟ್ಟನ್ನು ಎತ್ತಿದ ಮೇಲೂ ತೆಪ್ಪ ಸಾಗುವಂತೆ ಸ್ವಲ್ಪ ದೂರ ಜಾರುವುದು. ಆಟಗಾರನು ತನ್ನ ಇಚ್ಛೆಯನ್ನು ಒಂದು ಗಳಿಗೆ ಮುಂಚಿತವಾಗಿಯೇ ತಿಳಿಸಬೇಕು. ಮೂರನೆಯದು ಆಯುಧದ ವ್ಯವಸ್ಥೆ, ನನ್ನ ಮಟ್ಟಿಗೆ ಇದೇ ಈ ಕೃತಿಯ ಹೃದಯ. ಎರಡು ಗುಂಡುಗಳನ್ನು ಒಟ್ಟಿಗೆ ಆದರೆ ನಿಧಾನವಾಗಿ ಹಾರಿಸುವ ಬಂದೂಕೊಂದುಂಟು, ಅದಕ್ಕೆ ಮಿತಿಯಿಲ್ಲ. ಒಂದೊಂದೇ ಗುಂಡನ್ನು ಅತಿವೇಗದಿಂದ ಹಾರಿಸುವ ಇನ್ನೊಂದುಂಟು. ಅದರ ಗುಂಡುಗಳು ಎಣಿಕೆಯವು, ಶತ್ರುವೊಂದನ್ನು ಕೆಡಹಿದರೆ ಎಣಿಕೆಗೆ ಒಂದು ಕೂಡುವುದು. ಕಷ್ಟಪಟ್ಟು ಕೂಡಿಟ್ಟುದನ್ನು ಸಂಕಟಕಾಲದಲ್ಲಿ ಬಿಚ್ಚಬೇಕೆಂಬ ಈ ಗೃಹಸ್ಥಧರ್ಮವನ್ನು ಹತ್ತು ವರ್ಷದ ಬಾಲಕನಿಗೆ ಯಾರೂ ಉಪದೇಶಿಸಲಿಲ್ಲ. ಮೂರು ಸಲ ಸತ್ತ ಮೇಲೆ ತಾನಾಗಿಯೇ ಅವನಿಗೆ ಅರಿವಾಗುತ್ತಿತ್ತು.

ನಿಂಟೆಂಡೊ ಸಂಸ್ಥೆಯ, ಮನೆಯ ಟಿವಿಗೆ ಜೋಡಿಸಿ ಆಡುವ ಫ್ಯಾಮಿಕಾಮ್ ಯಂತ್ರವು ಜಪಾನಿನಲ್ಲಿ 1983ರ ಜುಲೈ 15ರಂದು ಮಾರಾಟಕ್ಕೆ ಬಂದಿತು. 1985ರಲ್ಲಿ ಎಕ್ಸೆರಿಯನ್ ಅದಕ್ಕೆ ರೂಪಾಂತರಗೊಂಡಿತು. ಆ ಯಂತ್ರದ ಕೆಲಸದ ನೆನಪು 2 ಕಿಲೋಬೈಟು ಮಾತ್ರ. ಪರದೆಯ ಮೇಲೆ ಚಲಿಸುವ ಬಿಡಿಚಿತ್ರಗಳು 64ನ್ನು ಮೀರಲಾಗದು, ಅಡ್ಡಗೆರೆಯೊಂದರ ಮೇಲೆ 8ಕ್ಕಿಂತ ಹೆಚ್ಚು ಕಾಣಿಸಲಾಗದು. ಶತ್ರುಗಳು ಒಂದೇ ಸಾಲಿಗೆ ನುಗ್ಗಿದಾಗ ಅವು ಮಿಣುಕಿ ಮಾಯವಾಗುತ್ತಿದ್ದುದು ಈ ಕಾರಣದಿಂದ, ನಾವು ಅಂದುಕೊಂಡಿದ್ದಂತೆ ಟಿವಿಯ ದೋಷದಿಂದಲ್ಲ. ಹಿನ್ನೆಲೆಗೆ ದೊರೆಯುತ್ತಿದ್ದುದು ಒಂದೇ ಪದರ. ಅಂಥ ಯಂತ್ರದಲ್ಲಿ ದೂರ ಸಮೀಪಗಳ ಭ್ರಮೆಯನ್ನು ಹುಟ್ಟಿಸಿದವರ ಕೌಶಲವನ್ನು ಲಘುವಾಗಿ ಕಾಣತಕ್ಕದ್ದಲ್ಲ. ಆಟವೆಲ್ಲವೂ ಸೇರಿ ಆಜ್ಞೆಗಳಿಗೆ 16 ಕಿಲೋಬೈಟು, ಚಿತ್ರಗಳಿಗೆ 8, ಒಟ್ಟು 24. ಯೂನಿಕೋಡಿನಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟು ಬೇಕಾಗುವುದರಿಂದ, ಈ ಲೇಖನವೇ ತಾನು ವಿವರಿಸುವ ಆಟಕ್ಕಿಂತ ಹೆಚ್ಚು ಜಾಗವನ್ನು ಆಕ್ರಮಿಸುವುದು. ವ್ಯಾಖ್ಯಾನವು ಮೂಲಕ್ಕಿಂತ ದೊಡ್ಡದಾಗುವುದು ನಮ್ಮ ಪರಂಪರೆಯಲ್ಲಿ ಹೊಸತಲ್ಲವಾದ್ದರಿಂದ ಕ್ಷಮೆ ಬೇಡುವುದಿಲ್ಲ.

ಫ್ಯಾಮಿಕಾಮಿನ ಎಕ್ಸೆರಿಯನ್ ಜಪಾನಿನ ಹೊರಗೆ ಅಧಿಕೃತವಾಗಿ ಮಾರಾಟವಾಗಲಿಲ್ಲ. ಹಾಗಿದ್ದರೂ ಅದು ಶಿಡ್ಲಘಟ್ಟಕ್ಕೆ ಬಂದುದು ಹೇಗೆ? ಉತ್ತರವು ಆಗಲೇ ಹೇಳಿದ 24 ಎಂಬ ಅಂಕಿಯಲ್ಲಿ ಅಡಗಿದೆ. ಎಂಬತ್ತರ ದಶಕದ ಕೊನೆಗೆ ತೈವಾನಿನಲ್ಲಿ ಫ್ಯಾಮಿಕಾಮಿನ ಚಿಪ್ಪುಗಳ ಅನುಕರಣಗಳು ತಯಾರಾಗತೊಡಗಿ, ಅಗ್ಗದ ಪ್ರತಿಯಂತ್ರಗಳು ಏಷ್ಯವನ್ನೆಲ್ಲ ವ್ಯಾಪಿಸಿದುವು. ಅವುಗಳಿಗಾಗಿ ಹಲವು ಆಟಗಳನ್ನು ಒಂದೇ ಡಬ್ಬಿಯಲ್ಲಿ ತುರುಕುವ ಉದ್ಯಮವೂ ಬೆಳೆಯಿತು. ತುರುಕುವವನಿಗೆ ಬೇಕಾದುದು ಒಳ್ಳೆಯ ಆಟವಲ್ಲ, ಸಣ್ಣ ಆಟ. ಕಾಂಟ್ರಾ ಆಟದ ಅಮೆರಿಕದ ಆವೃತ್ತಿಗೆ 128 ಕಿಲೋಬೈಟು ಬೇಕು. ಅಷ್ಟೇ ಜಾಗದಲ್ಲಿ ಎಕ್ಸೆರಿಯನ್ನಿನಂಥವು ಐದು ಹಿಡಿಯುವುವು. ಅದಲ್ಲದೆ ಆರಂಭಕಾಲದ ಈ ಆಟಗಳ ಡಬ್ಬಿಯಲ್ಲಿ ಹೆಚ್ಚಿನ ಚಿಪ್ಪು ಯಾವುದೂ ಇಲ್ಲದಿದ್ದುದರಿಂದ ನಕಲು ಸುಲಭವಾಗಿತ್ತು. ತಾಳೆಗರಿಯ ಕಟ್ಟಿನಲ್ಲಿ ಮಹಾಕಾವ್ಯದ ಪಕ್ಕದಲ್ಲಿ ಉಳಿದ ಗರಿಗಳನ್ನು ವ್ಯರ್ಥಮಾಡದೆ ಲಿಪಿಕಾರನು ಒಂದು ಶತಕವನ್ನೋ ಸ್ತೋತ್ರವನ್ನೋ ಬರೆದಿಟ್ಟು ಅದನ್ನು ಉಳಿಸಿದ ಉದಾಹರಣೆಗಳನ್ನು ಗ್ರಂಥಸಂಪಾದಕರು ಬಲ್ಲರು. ಎಕ್ಸೆರಿಯನ್ ಉಳಿದುದು ಗುಣದಿಂದಲ್ಲ, ಗಾತ್ರದಿಂದ. ಗುಣವೂ ಇದ್ದುದು ನಮ್ಮ ಪುಣ್ಯ.

ಪ್ರತಿಕಾರರು ಪಾಠವನ್ನು ಹಾಗೆಯೇ ಬಿಡಲಿಲ್ಲ. ಮೊದಲ ಪರದೆಯ ಮೇಲಿದ್ದ ಜಲೆಕೊ ಎಂಬ ಹೆಸರೂ ವರ್ಷವೂ ನನ್ನ ಪ್ರತಿಯಲ್ಲಿ ಅಳಿಸಿಹೋಗಿವೆ. ವಚನದಿಂದ ಅಂಕಿತವನ್ನು ಕಿತ್ತಂತೆ ಕೃತಿಯು ನಿಂತಿದೆ. ಆ ಕಾಲದ ಜಪಾನಿನ ಸಂಸ್ಥೆಗಳೇ ತಮ್ಮ ರಚಕರ ಹೆಸರುಗಳನ್ನು ಆಟದಲ್ಲಿ ತೋರಿಸುವುದು ವಿರಳವಾಗಿದ್ದುದರಿಂದ ಇದು ಅನಾಥನಿಂದ ಮನೆಯನ್ನೂ ಕಸಿದುಕೊಂಡಂತೆ. 9999999 ಎಂಬ ಘೋಷಣೆಯನ್ನು ಪರೀಕ್ಷಿಸಿದರೆ ಬೇರೆ ಬೇರೆ ಆಟಗಳು ಕೆಲವೇ ಉಂಟು. ಉಳಿದುವೆಲ್ಲ ಅವೇ, ಹೆಸರನ್ನೋ ಆರಂಭದ ಹಂತವನ್ನೋ ಬದಲಿಸಿಕೊಂಡು ಮರುಕಳಿಸಿದವು. ಪಟ್ಟಿಯ ಹಿಂದೆ ಸಮುದ್ರತೀರದ ಚಿತ್ರವೊಂದು, ಅದರ ಮೇಲೆ ಹಾರುವ ಬಿಳಿಯ ಹಕ್ಕಿಗಳು. ಸಮುದ್ರವನ್ನು ಕಾಣದ ಈ ಬಯಲುಸೀಮೆಯ ಮಕ್ಕಳಲ್ಲಿ ಎಷ್ಟೋ ಮಂದಿ ಮೊದಲು ಕಂಡ ಕಡಲು ಪ್ರಾಯಶಃ ಅದೇ.

ಪಾಠಾಂತರಗಳಲ್ಲೆಲ್ಲ ಸೂಕ್ಷ್ಮವಾದುದು ಕಾಲದ್ದು. ಜಪಾನಿನ ಟಿವಿ ಸೆಕೆಂಡಿಗೆ 60 ಸಲ ಚಿತ್ರವನ್ನು ಬರೆಯುವುದು, ಭಾರತದ್ದು 50 ಸಲ. ಈ ಆಟವು ಚಿತ್ರಕ್ಕೊಂದು ಹೆಜ್ಜೆಯಂತೆ ನಡೆಯುವುದರಿಂದ, ನಮ್ಮ ಟಿವಿಗೆ ಹೊಂದಿಸಿದ ಪ್ರತಿಯಂತ್ರಗಳಲ್ಲಿ ಎಲ್ಲವೂ ಆರರಲ್ಲಿ ಒಂದು ಭಾಗದಷ್ಟು ನಿಧಾನವಾಯಿತು. ಸ್ವರದ ಶ್ರುತಿ ಹೆಚ್ಚು ಕೆಡಲಿಲ್ಲ, ಏಕೆಂದರೆ ಅದನ್ನು ನಿಯಂತ್ರಿಸುವುದು ಬೇರೆ ಗಡಿಯಾರ. ಲಯ ಮಾತ್ರ ವಿಳಂಬಿಸಿತು. ವಿಮಾನದ ಜಾರಾಟವೂ ಇನ್ನಷ್ಟು ದೀರ್ಘವಾಗಿ, ಗಾಳಿಯು ದಪ್ಪವಾದಂತೆ ತೋರುವುದು. ಟೋಕಿಯೋದ ಬಾಲಕನೂ ಚಿಂತಾಮಣಿಯ ಬಾಲಕನೂ ಆಡಿದ್ದು ಒಂದೇ ಆಟವೆನ್ನುವುದು ಹೆಸರಿನ ಮಟ್ಟಿಗೆ ಮಾತ್ರ ನಿಜ. ಜಪಾನಿನ ವೇಗದಲ್ಲಿ ಅದನ್ನು ಈಚೆಗೆ ನೋಡಿದಾಗ ನನಗೆ ಅದು ಅವಸರದ ಅಪಪಾಠವೆಂದು ತೋರಿತು. ಸಂಪಾದಕನು ತನ್ನೂರಿನ ಪ್ರತಿಯ ಮೇಲಿಡುವ ಮೋಹದ ವಿಷಯದಲ್ಲಿ ಎಚ್ಚರದಿಂದಿರಬೇಕೆಂಬುದಕ್ಕೆ ಇದೊಂದು ನಿದರ್ಶನ.

ಈ ಊರುಗಳಿಗೆ ಯಂತ್ರಗಳು ಬಂದುದು ಬಹುಮಟ್ಟಿಗೆ ಬೆಂಗಳೂರಿನ ದಾರಿಯಿಂದ, ಗಾಂಧಿನಗರದ ನ್ಯಾಷನಲ್ ಮಾರ್ಕೆಟ್ಟಿನಂಥ ಎಡೆಗಳಿಂದ. ಸಮುರಾಯ್ ಎಂಬ ಹೆಸರಿನವೂ ಇದ್ದುವು, ಯಾವ ಹೆಸರೂ ಇಲ್ಲದವೂ ಇದ್ದುವು. ಜನರ ಬಾಯಲ್ಲಿ ಎಲ್ಲವೂ ‘ಟಿವಿ ಗೇಮು’, ಒಳಗೆ ಇಡುವುದು ‘ಕ್ಯಾಸೆಟ್ಟು’. ಗೌರಿಬಿದನೂರಿನ ಕಡೆ ಮಾಳಿಗೆಯ ಆಂಟೆನಾವನ್ನು ಬೆಂಗಳೂರಿನ ದಿಕ್ಕಿಗೆ ಎಷ್ಟು ತಿರುಗಿಸಿದರೂ ಪರದೆಯ ಮೇಲೆ ಕಾಳು ಸುರಿದಂತಾಗುತ್ತಿದ್ದ ಮನೆಗಳಲ್ಲಿ, ತಂತಿಯ ಮೂಲಕ ನೇರವಾಗಿ ಬಂದ ಈ ಆಟದ ಚಿತ್ರವೇ ಆ ಟಿವಿ ತೋರಿಸಿದ ಅತ್ಯಂತ ಸ್ವಚ್ಛವಾದ ಚಿತ್ರ. ಅದೇ ತಾಲ್ಲೂಕಿನಲ್ಲಿ ಸಾವಿರ ದ್ವಿಧ್ರುವಗಳನ್ನು ಟಿ ಅಕ್ಷರದ ಆಕಾರದಲ್ಲಿ ನಿಲ್ಲಿಸಿ, 34.5 ಮೆಗಾಹರ್ಟ್ಸ್ ಆವೃತ್ತಿಯಲ್ಲಿ ನಿಜವಾದ ಆಕಾಶದ ಧ್ವನಿಯನ್ನು ಆಲಿಸುತ್ತಿದ್ದ ರೇಡಿಯೋ ದೂರದರ್ಶಕವಿತ್ತೆಂಬುದನ್ನು ಇಲ್ಲಿ ಸುಮ್ಮನೆ ಸ್ಮರಿಸುತ್ತೇನೆ. ಪ್ರಕೃತಕ್ಕೂ ಅದಕ್ಕೂ ಸಂಬಂಧವಿಲ್ಲ.

ಭಾಷೆಯ ವಿಷಯವನ್ನು ಬಿಡುವಂತಿಲ್ಲ. ಗಡಿಯ ಈ ಸೀಮೆಯಲ್ಲಿ ಶಾಲೆಯಲ್ಲಿ ಕನ್ನಡ, ಎಷ್ಟೋ ಮನೆಗಳಲ್ಲಿ ತೆಲುಗು, ಶಿಡ್ಲಘಟ್ಟದ ರೇಷ್ಮೆ ರೀಲರುಗಳ ಕೇರಿಗಳಲ್ಲಿ ಉರ್ದು. ಆದುದರಿಂದ ಒಂದೇ ಟಿವಿಯ ಮುಂದೆ ‘ಇನ್ನೊಂದು ಲೈಫ್ ಐತೆ’ ಎಂದೂ, ‘ಇಂಕಾ ರೆಂಡು ಲೈಫುಲುನ್ನಾಯಿ’ ಎಂದೂ, ‘ಏಕ್ ಲೈಫ್ ಬಾಕೀ ಹೈ’ ಎಂದೂ ಕೂಗುಗಳೇಳುತ್ತಿದ್ದುವು. ಜೀವವನ್ನು ಮಾತ್ರ ಮೂವರೂ ಇಂಗ್ಲಿಷಿನಲ್ಲಿಯೇ ಹೇಳುತ್ತಿದ್ದರು. ಎಕ್ಸೆರಿಯನ್ ಎಂಬ ಹೆಸರು ಯಾರ ನಾಲಗೆಗೂ ಒಗ್ಗಲಿಲ್ಲ. ಅದರ ಶತ್ರುಗಳಲ್ಲಿ ಕೆಲವು ಹಕ್ಕಿಯಂತೆ, ಕೆಲವು ಮೊಟ್ಟೆಯಂತೆ ಕಾಣುವುವು. ನಮ್ಮ ಮನೆಯಲ್ಲಿ ಅದಕ್ಕೆ ‘ಗೂಡಿನ ಆಟ’ವೆಂದೇ ರೂಢಿ, ಮೊಟ್ಟೆಯಾಕಾರದ್ದೇನು ಕಂಡರೂ ರೇಷ್ಮೆಗೂಡೆಂದು ತಿಳಿಯುವುದು ಗೂಡಿನ ಮಾರುಕಟ್ಟೆಯ ಊರಿಗೆ ಸಹಜ. ಕ್ಯಾಸೆಟ್ಟು ಕಚ್ಚದಿದ್ದರೆ ಬುಡಕ್ಕೆ ಬಾಯಿಟ್ಟು ಊದುವ ವಿಧಿಯೊಂದಿತ್ತು. ಉಸಿರಿನ ತೇವದಿಂದ ಲೋಹಕ್ಕೆ ಹಾನಿಯೇ ಹೊರತು ಪ್ರಯೋಜನವಿಲ್ಲ. ತೆಗೆದು ಮತ್ತೆ ಒತ್ತಿದಾಗ ಪಟ್ಟಿಗಳು ಉಜ್ಜಿಕೊಂಡು ಸಂಪರ್ಕ ಕೂಡುತ್ತಿದ್ದುದನ್ನು ನಾವು ಊದಿದ್ದರ ಮಹಿಮೆಯೆಂದು ನಂಬಿದ್ದೆವು.

ಕೃತಿಯ ಉತ್ತರಚರಿತ್ರೆಯನ್ನು ಚುಟುಕಾಗಿ ಹೇಳಬಹುದು. ಎಂಎಸ್‌ಎಕ್ಸ್ ಗಣಕಗಳಿಗೆ ಅದರ ಎರಡನೆಯ ಭಾಗವೊಂದು ಬಂದಿತು. ಜಲೆಕೊ ಕೃತಿಗಳ ಹಕ್ಕುಗಳು 2014ರಿಂದ ಸಿಟಿ ಕನೆಕ್ಷನ್ ಎಂಬ ಸಂಸ್ಥೆಯಲ್ಲಿವೆ. ಸಿಟಿ ಕನೆಕ್ಷನ್ ಎಂಬುದು ಜಲೆಕೊದವರದೇ 1985ರ ಆಟವೊಂದರ ಹೆಸರು.

ಇನ್ನು ಆಕರದ ವಿಷಯದಲ್ಲಿ ಉಳಿದುದು ಒಂದೇ. ಈ ಬಗೆಯ ಕ್ಯಾಸೆಟ್ಟಿನಲ್ಲಿ ಬ್ಯಾಟರಿಯಿಲ್ಲ. ಕರೆಂಟು ಹೋದೊಡನೆ ಯಂತ್ರವು ಆಡಿದವನನ್ನೂ ಅವನ ಅಂಕಗಳನ್ನೂ ಮರೆಯುವುದು, ಮತ್ತು ಆ ಬೇಸಗೆಗಳಲ್ಲಿ ಕರೆಂಟು ಹೋಗದ ದಿನವಿರಲಿಲ್ಲ. ಆದುದರಿಂದಲೇ ಇರಬೇಕು, ಚೀಟಿಯ ಹಿಂಬದಿಯ ಪ್ಲಾಸ್ಟಿಕ್ಕಿನ ಮೇಲೆ ಯಾರೋ ನೀಲಿ ಬಾಲ್‌ಪೆನ್ನಿನಿಂದ ಬಲವಾಗಿ ಒತ್ತಿ ‘ಗೂಡು 1,24,300’ ಎಂದು ಬರೆದಿದ್ದಾರೆ. ಅಲ್ಪವಿರಾಮವು ಲಕ್ಷದ ಸ್ಥಾನದಲ್ಲಿರುವುದರಿಂದ ಬರೆದವನು ಇಲ್ಲಿಯ ಶಾಲೆಯಲ್ಲಿ ಲೆಕ್ಕ ಕಲಿತವನು. ಮಸಿ ಮಾಸಿದೆ, ಕೊರೆದ ಗೆರೆ ಬೆರಳಿಗೆ ಇನ್ನೂ ತಾಕುವುದು. ಅಕ್ಷರ ನಮ್ಮ ಮನೆಯವರದಲ್ಲ. ಹಳೆಯ ಪೆಟ್ಟಿಗೆ ಟಿವಿಯೊಂದನ್ನು ಹುಡುಕಿ ತಂದು, ಹನ್ನೊಂದು ಸಂಜೆಗಳನ್ನು ಕಳೆದು, ನಾನು ಮುಟ್ಟಿದ್ದು 61,900.